ಒಬ್ಬರ ಅಳತೆಗೆ ಒಂದು ಎಂ.ಎ.

ನಾನು ನಿವೃತ್ತನಾದಾಗ ನನಗೆ ಮೂವತ್ತನಾಲ್ಕು ವರ್ಷ. ನಗಬೇಡಿ. ಶಾಲು ಹೊದೆಸಿದ್ದಾರೆ, ಹಣ್ಣಿನ ಬುಟ್ಟಿ ಕೊಟ್ಟಿದ್ದಾರೆ, ಇನ್ನಾದರೂ ಆರೋಗ್ಯದ ಕಡೆ ಗಮನ ಕೊಡಿ ಎಂದು ಭಾಷಣ ಮಾಡಿದ್ದಾರೆ. ಆದದ್ದು ಇಷ್ಟೇ. ನನ್ನ ಗುತ್ತಿಗೆ ಹುದ್ದೆಯನ್ನು ಖಾಯಂ ಮಾಡಿದರು. ಖಾಯಂ ಹುದ್ದೆಗೆ ಪಿಎಚ್.ಡಿ. ಬೇಕು. ನನ್ನಲ್ಲಿರುವುದು ಸಾದಾ ಎಂ.ಎ. ಹಾಗಾಗಿ ಹುದ್ದೆ ಉಳಿಯಿತು, ನಾನು ಹೊರಟೆ. ಶಾಲು ಹೊದೆಸಿಕೊಂಡು ಹೊರಟರೆ ಅದು ನಿವೃತ್ತಿಯೇ.

ಮೊನ್ನೆ ನನ್ನ ಜಾಗಕ್ಕೆ ಬಂದ ಹೊಸಬರು ಫೋನ್ ಮಾಡಿದರು.

"ಸರ್, ಇಲ್ಲಿ ನನ್ನ ಕೆಲಸ ಎಂತ ಸರ್?"

ನನಗೆ ತುಂಬಾ ಪ್ರೀತಿ ಬಂತು. ಆ ಕುರ್ಚಿಯಲ್ಲಿ ಕೂತಷ್ಟು ವರ್ಷವೂ ನಾನು ಕೇಳುತ್ತಿದ್ದುದು ಅದನ್ನೇ. ಯಾರಾದರೂ ಉತ್ತರ ಕೊಟ್ಟಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ. ಬರೆದು ಕಳಿಸುತ್ತೇನೆ ಎಂದೆ.

ನಿಯಮದ ಪ್ರಕಾರ ಕೆಲಸ ಹೀಗೆ. ನಮ್ಮ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ ಮೂಡುಬಿದಿರೆಯಲ್ಲಿ, ಕೆಲವು ವಿಭಾಗಗಳು ಬಂಟ್ವಾಳದಲ್ಲಿ. ಹೆಚ್ಚಿನವರು ಒಂದು ವಿಷಯ ಹಿಡಿದು ಎಂ.ಎ. ಮಾಡುತ್ತಾರೆ. ಕೆಲವರ ತಲೆಯಲ್ಲಿರುವ ಪ್ರಶ್ನೆ ಮಾತ್ರ ಒಂದು ವಿಷಯದೊಳಗೆ ಹಿಡಿಸುವುದಿಲ್ಲ. ಅಂಥವರು ಎರಡು ಮೂರು ವಿಭಾಗಗಳಿಂದ ಪಾಠಗಳನ್ನು ಆರಿಸಿಕೊಂಡು ತಮ್ಮೊಬ್ಬರಿಗೇ ಆಗುವಂಥ ಎಂ.ಎ. ಕಟ್ಟಿಕೊಳ್ಳಬಹುದು. ವೈಯಕ್ತಿಕ ಅಂತರಶಿಸ್ತೀಯ ಸ್ನಾತಕೋತ್ತರ ಪದವಿ ಎಂದು ಅದರ ಹೆಸರು. ಉಸಿರು ತೆಗೆದುಕೊಳ್ಳದೆ ಹೇಳಲು ಬಂದರೆ ಅರ್ಧ ಕೆಲಸ ಕಲಿತಂತೆ. ಉಳಿದರ್ಧ, ಅಂಥ ವಿದ್ಯಾರ್ಥಿಗೆ ಪಠ್ಯಕ್ರಮ ಹೊಲಿದುಕೊಟ್ಟು, ಸಮಿತಿಯ ಮುಂದೆ ನಿಲ್ಲಿಸಿ, ಒಪ್ಪಿಗೆ ಪಡೆಯುವುದು. ಸಿದ್ಧ ಉಡುಪಿನ ಅಂಗಡಿಯಲ್ಲಿ ಒಬ್ಬನೇ ದರ್ಜಿ ಕೂತ ಹಾಗೆ ಎಂದಿಟ್ಟುಕೊಳ್ಳಿ. ಆ ದರ್ಜಿಗೆ ಗುಂಡಿ ಹೊಲಿಯಲಿಕ್ಕೂ ಬರುತ್ತಿರಲಿಲ್ಲ ಎಂಬುದು ಬೇರೆ ವಿಷಯ.

ನನ್ನನ್ನು ಯಾಕೆ ತೆಗೆದುಕೊಂಡರು ಎಂಬುದು ಇವತ್ತಿಗೂ ಗೊಂದಲ. ಸಂದರ್ಶನ ಮಾಡಿದವರು ಡೀನ್ ರಘುರಾಮ ಸರ್. ಬೇರೆ ಪ್ರತಿಭೆ ಏನಾದರೂ ಇದೆಯೇ ಎಂದು ಕೇಳಿದರು. ಮಿಮಿಕ್ರಿ ಎಂದೆ. ಮಾಡಿ ಎಂದರು. ಬಂಟ್ವಾಳದಲ್ಲಿ ಬಸ್ಸಿನ ಬಾಗಿಲಿಗೆ ನೇತಾಡುತ್ತಾ ವಿಟ್ಲ, ವಿಟ್ಲ, ವಿಟ್ಲ ಎಂದು ಕೂಗುವ ಕಂಡಕ್ಟರನನ್ನು ಮಾಡಿದೆ. ಹೊರಗೆ ಕೂತಿದ್ದ ಇನ್ನೊಬ್ಬ ಅಭ್ಯರ್ಥಿ ನಕ್ಕದ್ದು ಕೇಳಿಸಿತು. ಡೀನ್ ನಗಲಿಲ್ಲ. ನಾಡಿದ್ದಿನಿಂದ ಬನ್ನಿ ಎಂದರು. ಮಿಮಿಕ್ರಿಗಾಗಿ ತೆಗೆದುಕೊಂಡರೋ, ಮಿಮಿಕ್ರಿ ಮಾಡಿದರೂ ಇರಲಿ ಎಂದು ತೆಗೆದುಕೊಂಡರೋ ಕೇಳುವ ಧೈರ್ಯ ನನಗಾಗಲಿಲ್ಲ.

ನಾನು ಹೊಲಿದ ಮೊದಲ ಅಂಗಿ ವಿಟ್ಲದ ಒಬ್ಬ ಫೋಟೋಗ್ರಾಫರನದು. ಮದುವೆಗಳಿಗೆ ಆಲ್ಬಮ್ ಮಾಡಿ ಮಾಡಿ ಅವನಿಗೊಂದು ಸಂಶಯ ಹುಟ್ಟಿತ್ತು.

"ಸರ್, ಅಷ್ಟು ದೊಡ್ಡ ಆಲ್ಬಮ್ ಮಾಡಿಸ್ತಾರೆ. ಮತ್ತೆ ಯಾರೂ ತೆರೆಯುವುದೇ ಇಲ್ಲ. ಯಾಕೆ ಅಂತ ನನಗೆ ಓದ್ಲಿಕ್ಕುಂಟು."

ಒಳ್ಳೆಯ ಪ್ರಶ್ನೆ. ವಾಣಿಜ್ಯ, ಮನಃಶಾಸ್ತ್ರ, ದೃಶ್ಯಕಲೆ ಎಂದು ಮೂರು ಬಟ್ಟೆ ಕತ್ತರಿಸಿದೆ. ವೇಳಾಪಟ್ಟಿ ಎಷ್ಟು ಚೆನ್ನಾಗಿ ಕೂಡಿತೆಂದರೆ ನನಗೇ ಹೆಮ್ಮೆಯಾಯಿತು. ವಾಣಿಜ್ಯದ ತರಗತಿ ಮುಗಿದೊಡನೆ ಮನಃಶಾಸ್ತ್ರ ಶುರು, ಮಧ್ಯೆ ಒಂದು ನಿಮಿಷ ಹಾಳಿಲ್ಲ. ಮೊದಲನೆಯದು ಮೂಡುಬಿದಿರೆಯಲ್ಲಿ, ಎರಡನೆಯದು ಬಂಟ್ವಾಳದಲ್ಲಿ ಎಂಬುದು ಕಾಗದದ ಮೇಲೆ ಕಾಣುತ್ತಿರಲಿಲ್ಲ. ಮೊದಲ ವಾರವೇ ಫೋನ್ ಬಂತು.

"ಸರ್, ನಾನು ಸಿದ್ಧಕಟ್ಟೆಯಲ್ಲಿ ಬಸ್ಸಿನೊಳಗೆ ಇದ್ದೇನೆ. ಈಗ ನಾನು ಯಾವ ಕ್ಲಾಸಿನಲ್ಲಿ ಇರುವುದು ಸರ್?"

ನಾನು ವೇಳಾಪಟ್ಟಿ ನೋಡಿದೆ. ಅದರ ಪ್ರಕಾರ ಅವನು ಎರಡರಲ್ಲೂ ಇದ್ದ.

ವಿಧಾನಗಳೂ ಬದಲಾದವು. ನಾನು ಸೇರಿದಾಗ ಪ್ರತಿ ಪಾಠಕ್ಕೆ ಒಂದು ಬಣ್ಣದ ಚೀಟಿ. ಗೋಡೆಗೆ ಅಂಟಿಸಿ, ತೆಗೆದು, ಮತ್ತೆ ಅಂಟಿಸಿ ಪದವಿ ಕಟ್ಟುತ್ತಿದ್ದೆವು. ಫ್ಯಾನ್ ಹಾಕಿದರೆ ಒಬ್ಬನ ಅರ್ಥಶಾಸ್ತ್ರ ಇನ್ನೊಬ್ಬಳ ಸಸ್ಯಶಾಸ್ತ್ರದೊಳಗೆ ಹಾರಿ ಬೀಳುತ್ತಿತ್ತು. ಆಮೇಲೆ ಸಾಫ್ಟ್‌ವೇರ್ ಬಂತು. ಅದು ಮೊದಲು ಕೇಳುವುದೇ ನಿಮ್ಮ ವಿಭಾಗ ಯಾವುದು ಎಂದು. ಮೂರು ವಿಭಾಗ ಒತ್ತಿದರೆ ಪರದೆ ಕೆಂಪಾಗುತ್ತದೆ. ಮೂರು ವಿಭಾಗದ ಪದವಿಗೆಂದೇ ತಂದ ಸಾಫ್ಟ್‌ವೇರ್ ಅದು. ನಿಮಗೂ ಕೆಂಪಾದರೆ ಹೆದರಬೇಡಿ, ಅದಕ್ಕೂ ನಮ್ಮಷ್ಟೇ ಗೊಂದಲ.

ಆದರೆ ಸಾಫ್ಟ್‌ವೇರ್ ಒಪ್ಪಿದರೂ ಸಮಿತಿ ಒಪ್ಪಬೇಕು. ಸಮಿತಿಯಲ್ಲಿ ಡೀನ್ ಅಲ್ಲದೆ ಇಬ್ಬರು ಯಾವಾಗಲೂ ಇರುತ್ತಿದ್ದರು. ಕನ್ನಡ ವಿಭಾಗದ ಮುಖ್ಯಸ್ಥ ಕೇಶವ ಸರ್, ಯಾವ ಮಾತನ್ನಾದರೂ ಹಳಗನ್ನಡದಿಂದ ಶುರು ಮಾಡುವವರು. ವರ್ತಮಾನಕ್ಕೆ ಬರುವಷ್ಟರಲ್ಲಿ ಚಹಾ ಆರಿರುತ್ತದೆ. ಶಿಕ್ಷಣ ವಿಭಾಗದ ಜೆಸಿಂತಾ ಮೇಡಂ ಪ್ರಶ್ನೆಗೆ ಪ್ರಶ್ನೆಯನ್ನೇ ಉತ್ತರವಾಗಿ ಕೊಡುವವರು. ಮೇಡಂ ಊಟ ಆಯಿತಾ ಎಂದರೆ ಊಟ ಅಂದರೆ ನೀವು ಏನು ಅಂತ ತಿಳ್ಕೊಂಡಿದ್ದೀರಿ ಎಂಬ ಧಾಟಿ. ಇಬ್ಬರನ್ನೂ ಅನುಕರಿಸುವುದು ನನಗೆ ಸಲೀಸು. ಹೆಗಲ ಮೇಲೆ ಶಾಲು ಸರಿಮಾಡಿಕೊಂಡರೆ ಕೇಶವ ಸರ್. ಗಲ್ಲಕ್ಕೆ ಕೈಕೊಟ್ಟು ಒಂದು ಹುಬ್ಬು ಏರಿಸಿದರೆ ಮೇಡಂ.

ಕಷ್ಟವಾದದ್ದು ಡೀನ್. ಅಲುಗಾಡದೆ ಕೂರುತ್ತಾರೆ, ಸಾದಾ ಮಾತಾಡುತ್ತಾರೆ, ಕೆಮ್ಮುವುದೂ ಇಲ್ಲ. ಮಿಮಿಕ್ರಿಯವನಿಗೆ ನೇತುಹಾಕಲು ಒಂದು ಕೊಕ್ಕೆಯಾದರೂ ಬೇಕು. ಇಲ್ಲದ್ದಕ್ಕೆ ನಾನೇ ಒಂದು ಕೊಕ್ಕೆ ಹೊಡೆದೆ: ಆಗುವುದಿಲ್ಲ ಎನ್ನುವ ಮೊದಲು ಬಲಗಿವಿಯ ತುದಿಯನ್ನು ಮೆಲ್ಲಗೆ ಎಳೆದುಕೊಳ್ಳುವುದು. ಕ್ಯಾಂಟೀನಿನಲ್ಲಿ ಮಾಡಿ ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. "ಅವರದ್ದೇ, ಅವರದ್ದೇ!" ಎಂದರು. ಯಾರೂ ಯಾವತ್ತೂ ನೋಡಿರದ ಚೇಷ್ಟೆಯನ್ನು ಎಲ್ಲರೂ ಗುರುತಿಸಿದ್ದು ಹೇಗೆ ಎಂದು ನನಗೆ ಅರ್ಥವಾಗಲಿಲ್ಲ. ಚಪ್ಪಾಳೆ ಬೀಳುವಾಗ ಅರ್ಥ ಹುಡುಕುವ ಕ್ರಮ ನನ್ನದಲ್ಲ.

ಈ ಕಲೆಯನ್ನು ಕೆಲಸಕ್ಕೂ ಹಚ್ಚಿದೆ. ಸಮಿತಿಯ ಮುಂದೆ ಹೋಗುವ ಮೊದಲು ಪ್ರತಿ ವಿದ್ಯಾರ್ಥಿಯನ್ನು ಕ್ಯಾಂಟೀನ್ ಪಕ್ಕದ ನನ್ನ ಕೋಣೆಯಲ್ಲಿ ಕೂರಿಸಿ ಮೂವರೂ ನಾನೇ ಆಗಿ ಪ್ರಶ್ನೆ ಕೇಳುತ್ತಿದ್ದೆ. ಹೋದವರೆಲ್ಲ ಗೆದ್ದು ಬರುತ್ತಿದ್ದರು. ವಿಧಾನ ಸರಿಯಿದೆ ಎಂದುಕೊಂಡೆ.

ಹೀಗಿರುವಾಗ ವನಿತಾ ಬಂದರು. ಸಿದ್ಧಕಟ್ಟೆಯ ಮನೆ, ಬೆಳ್ತಂಗಡಿಯ ಕಡೆ ಕಿವಿ ಕೇಳಿಸದ ಮಕ್ಕಳ ಒಂದು ಶಾಲೆಯಲ್ಲಿ ಟೀಚರ್. ಕುರ್ಚಿ ಎಳೆದು ಕೂತವರೇ ಹೇಳಿದರು:

"ನಮ್ಮ ಮಕ್ಕಳು ಶಾಲೆಗೆ ಬರುವಾಗ ಖಾಲಿ ಕೈಯಲ್ಲಿ ಬರುವುದಲ್ಲ ಸರ್. ಮನೆಯಲ್ಲೇ ಸನ್ನೆ ಮಾಡಿಕೊಂಡಿರ್ತಾರೆ. ಒಂದೊಂದು ಮನೆಯದ್ದು ಒಂದೊಂದು. ನಾವು ಪುಸ್ತಕದ ಸನ್ನೆ ಕಲಿಸ್ತೇವೆ. ರಜೆಯಲ್ಲಿ ಮನೆಗೆ ಹೋದರೆ ಅಮ್ಮನಿಗೆ ಅದು ಗೊತ್ತಾಗುವುದಿಲ್ಲ. ಆ ಮನೆ ಸನ್ನೆಗಳನ್ನು ಸೇರಿಸಿ ಮೊದಲ ವರ್ಷದ ಪಾಠ ಮಾಡ್ಬೇಕು. ಅದಕ್ಕೆ ಯಾವ ಎಂ.ಎ. ಉಂಟು ನಿಮ್ಮಲ್ಲಿ?"

"ಯಾವುದೂ ಇಲ್ಲ," ಎಂದೆ. "ಆದ್ದರಿಂದ ನೀವು ಸರಿಯಾದ ಕೋಣೆಗೆ ಬಂದಿದ್ದೀರಿ."

ಭಾಷೆಯ ಪಾಠ ಕನ್ನಡ ವಿಭಾಗದಿಂದ, ಕಲಿಸುವ ಪಾಠ ಶಿಕ್ಷಣದಿಂದ, ದೇಹದ ಚಲನೆಯನ್ನು ನೋಡಿ ದಾಖಲಿಸುವುದು ನಾಟಕ ವಿಭಾಗದಿಂದ. ನಾಟಕದವರು ಎಲ್ಲದಕ್ಕೂ ಒಪ್ಪುತ್ತಾರೆ. ಸಭೆಗೆ ಬರಲು ಮಾತ್ರ ಒಪ್ಪುವುದಿಲ್ಲ. ಉಳಿದಿಬ್ಬರ ನಡುವೆ ನಾನು ಚೆಂಡಾದೆ.

"ಧ್ವನಿ ಇಲ್ಲದ ಮೇಲೆ ಅದು ಭಾಷಾಶಾಸ್ತ್ರಕ್ಕೆ ಹೇಗೆ ಬರುತ್ತದೆ? ಅದು ಶಿಕ್ಷಣ," ಎಂದರು ಕೇಶವ ಸರ್, ಒಂದಷ್ಟು ಶತಮಾನಗಳನ್ನು ದಾಟಿ ಬಂದ ಮೇಲೆ.

"ಮನೆಯಲ್ಲಿ ಮಾಡಿಕೊಂಡದ್ದನ್ನು ಶಿಕ್ಷಣ ಅಂತ ಯಾರು ಹೇಳಿದ್ದು? ಅದು ಭಾಷೆ ಅಲ್ವಾ?" ಎಂದರು ಜೆಸಿಂತಾ ಮೇಡಂ.

ಅವರಿಗೆ ಇವರ ಧ್ವನಿಯಲ್ಲಿ, ಇವರಿಗೆ ಅವರ ಧ್ವನಿಯಲ್ಲಿ ವರದಿ ಒಪ್ಪಿಸಿ ಒಪ್ಪಿಸಿ, ಒಂದು ದಿನ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಲು ಹೋಗಿ ಹಳಗನ್ನಡದಿಂದ ಶುರು ಮಾಡಿದೆ. ಹೆಂಡತಿ ತಟ್ಟೆ ಎತ್ತಿಕೊಂಡು ಹೋದಳು.

ತಮಾಷೆ ಬಿಡಿ. ವನಿತಾಗೆ ಸಮಯವಿರಲಿಲ್ಲ. ಅವರ ಬದಲಿಗೆ ಎರಡು ವರ್ಷ ಪಾಠ ಮಾಡಲು ಶಾಲೆಗೆ ಒಬ್ಬರು ಟೀಚರ್ ಕಷ್ಟದಲ್ಲಿ ಸಿಕ್ಕಿದ್ದರು. ಅವರಿಗೆ ಬೇರೆ ಕಡೆಯಿಂದಲೂ ಕರೆ ಬಂದಿತ್ತು. ಸಮಿತಿಯ ಸಭೆಯ ದಿನ ಸಂಜೆಯೊಳಗೆ ಹೌದೋ ಅಲ್ಲವೋ ಎಂದು ಮುಖ್ಯೋಪಾಧ್ಯಾಯಿನಿಗೆ ತಿಳಿಸದಿದ್ದರೆ ಆ ಬದಲಿ ಟೀಚರ್ ಹೋಗಿಬಿಡುತ್ತಾರೆ. ಹಾಗಾದರೆ ವನಿತಾಗೆ ರಜೆಯಿಲ್ಲ, ಎಂ.ಎ.ಯೂ ಇಲ್ಲ. ಇನ್ನೊಮ್ಮೆ ರಜೆ ಕೇಳುವ ಹಾಗಿಲ್ಲ ಎಂದು ಮುಖ್ಯೋಪಾಧ್ಯಾಯಿನಿ ಮೊದಲೇ ಹೇಳಿದ್ದರು.

ಹಾಗಾಗಿ ನನ್ನ ಕೋಣೆಯಲ್ಲಿ ತಾಲೀಮು ಜೋರಾಗಿ ನಡೆಯಿತು. ನಾನು ಶಾಲು ಸರಿಮಾಡಿಕೊಂಡೆ, ಹುಬ್ಬು ಏರಿಸಿದೆ, ಕಿವಿ ಎಳೆದೆ. ವನಿತಾ ಒಂದೊಂದಕ್ಕೂ ಉತ್ತರ ಕಲಿತರು. ಆ ದಿನಗಳಲ್ಲೇ ಅವರು ತಮ್ಮ ಶಾಲೆಯ ಒಂದು ಪದ್ಧತಿ ಹೇಳಿದ್ದು. ಅಲ್ಲಿ ಪ್ರತಿಯೊಬ್ಬರಿಗೂ ಮಕ್ಕಳು ಕೈಯಲ್ಲೇ ಒಂದು ಹೆಸರಿಡುತ್ತಾರೆ. ಯಾರಲ್ಲಿ ಏನು ಎದ್ದು ಕಾಣುತ್ತದೋ ಅದೇ ಹೆಸರು. ಉದ್ದ ಜಡೆಯವರಿಗೆ ಜಡೆ, ಕುಂಟುವವರಿಗೆ ಕುಂಟು. ಮುಲಾಜಿಲ್ಲ.

"ಹಾಗಾದ್ರೆ ನಮ್ಮ ಡೀನ್‌ಗೆ?" ಎಂದೆ.

ವನಿತಾ ನಗುತ್ತಾ ಬಲಗಿವಿಯ ತುದಿ ಎಳೆದು ತೋರಿಸಿದರು. ನಾನು ಚಪ್ಪಾಳೆ ತಟ್ಟಿದೆ. ಕ್ಯಾಂಟೀನಿನವರೂ ಬಾಗಿಲಲ್ಲಿ ನಿಂತು ತಟ್ಟಿದರು.

ಸಭೆಯ ದಿನ. ಕೇಶವ ಸರ್ ತಾಲೀಮಿನಲ್ಲಿ ನಾನು ಕೇಳಿದ್ದನ್ನೇ ಕೇಳಿದರು, ವನಿತಾ ಕಲಿತದ್ದನ್ನೇ ಹೇಳಿದರು. ಜೆಸಿಂತಾ ಮೇಡಂ ಹುಬ್ಬೇರಿಸಿದರು, ಅದಕ್ಕೂ ಉತ್ತರ ಸಿದ್ಧವಿತ್ತು. ನಾನು ಮೂಲೆಯಲ್ಲಿ ಕೂತು, ಹೊಲಿದ ಅಂಗಿ ಮೈಗೆ ಕೂತದ್ದನ್ನು ನೋಡುವ ದರ್ಜಿಯ ಹಾಗೆ ಬೀಗುತ್ತಿದ್ದೆ. ಆಗ ಡೀನ್ ಮಾತಾಡಿದರು.

"ಸನ್ನೆ ಹೇಗೆ ಹುಟ್ಟುತ್ತದೆ ಅಂತ ಒಂದು ಉದಾಹರಣೆ ತೋರಿಸಿ."

ಇದು ತಾಲೀಮಿನಲ್ಲಿ ಇರಲಿಲ್ಲ. ವನಿತಾ ಗಲಿಬಿಲಿಯಾದರು. ಮೊದಲು ನೆನಪಿಗೆ ಬಂದದ್ದು ಹೆಸರಿಡುವ ಪದ್ಧತಿ.

"ನೋಡಿ ಸರ್, ನಮ್ಮ ಮಕ್ಕಳಾದರೆ ಕೇಶವ ಸರ್‌ಗೆ ಹೀಗೆ ಹೆಸರಿಡ್ತಾರೆ," ಎಂದು ಹೆಗಲ ಮೇಲೆ ಇಲ್ಲದ ಶಾಲನ್ನು ಸರಿಮಾಡಿದರು. ಮೇಡಂ ನಕ್ಕರು. "ಮೇಡಂಗೆ ಹೀಗೆ." ಕೇಶವ ಸರ್ ನಕ್ಕರು. "ನಿಮಗೆ..." ಎನ್ನುತ್ತಾ ವನಿತಾ ಕಿವಿ ಎಳೆದುಕೊಂಡರು.

ಡೀನ್ ಅಲುಗಾಡಲಿಲ್ಲ.

"ನಾನು ಯಾವಾಗ ಕಿವಿ ಎಳೆದುಕೊಂಡೆ?"

"ಯಾವಾಗಲೂ ಎಳ್ಕೊಳ್ತೀರಲ್ಲ ಸರ್?" ಎಂದರು ಜೆಸಿಂತಾ ಮೇಡಂ. ಈ ಸಲ ಅದು ನಿಜವಾದ ಪ್ರಶ್ನೆ.

"ಹೌದು ಹೌದು," ಎಂದರು ಕೇಶವ ಸರ್. "ನಾನೂ ಎಷ್ಟೋ ಸಲ ನೋಡಿದ್ದೇನೆ."

"ಎಲ್ಲಿ?"

ಕೇಶವ ಸರ್ ಯೋಚಿಸಿದರು. ಮೇಡಂ ಯೋಚಿಸಿದರು. ನೋಡಿದ್ದು ಖಂಡಿತ, ಎಲ್ಲಿ ಎಂದು ಮಾತ್ರ ನೆನಪಾಗುತ್ತಿಲ್ಲ. ಡೀನ್ ತಾವು ಅಂಥದ್ದನ್ನು ಮಾಡುವುದುಂಟೇ ಎಂದು ಸ್ವತಃ ಅನುಮಾನ ಬಂದವರಂತೆ ತಮ್ಮ ಬಲಗೈಯನ್ನು ನೋಡಿಕೊಂಡರು. ಕೊನೆಗೆ ಮೂವರ ತಲೆಯೂ ಒಟ್ಟಿಗೆ ಮೂಲೆಯ ಕಡೆ ತಿರುಗಿತು. ಮೂಲೆಯಲ್ಲಿ ನಾನಿದ್ದೆ.

"ಪ್ರಸಾದ್," ಎಂದರು ಡೀನ್.

"ಅದು ಸರ್... ಎಂತ ಆಯ್ತು ಅಂದ್ರೆ..." ಎಂದೆ. 

ಡೀನ್ ವನಿತಾ ಕಡೆ ತಿರುಗಿದರು. ಕೋಪವಿರಲಿಲ್ಲ. ಅದೇ ಹೆಚ್ಚು ಹೆದರಿಕೆ. "ನನ್ನನ್ನು ನೀವು ನೋಡುವುದು ಇವತ್ತೇ ಮೊದಲು. ನೋಡುವ ಮೊದಲೇ ಹೆಸರಿಟ್ಟಿರಿ. ಇವರು ಹೇಳಿದ್ದನ್ನು ನಂಬಿ. ನಾಳೆ ಮನೆ ಮನೆಗೆ ಹೋಗಿ ಸೇರಿಸುವ ಸನ್ನೆಗಳೂ ಹೀಗೆಯೇ ಆದರೆ?"

 ವನಿತಾರ ಮಡಿಲಲ್ಲಿದ್ದ ಕೈಗಳು ಏನನ್ನೋ ಹೇಳಹೊರಟು ನಿಂತವು. ಆಮೇಲೆ ನಿಧಾನ ಹೇಳಿದರು:

"ತಪ್ಪಾಯ್ತು ಸರ್. ಆದರೆ ನಮ್ಮ ಶಾಲೆಯಲ್ಲಿ ನಡೆಯುವುದೂ ಇದೇ ಅಲ್ವಾ? ಪುಸ್ತಕದ ಸನ್ನೆ ಮಾಡಿದವರು ಬೇರೆ ಯಾರದ್ದೋ ಅಮ್ಮನನ್ನು ನೋಡಿ ಮಾಡಿದ್ದು. ನಮ್ಮ ಮಗುವಿಗೆ ಅದರಲ್ಲಿ ಅದರ ಅಮ್ಮ ಕಾಣುವುದಿಲ್ಲ. ಈಗ ನಿಮಗೆ ಕಿವಿಯಲ್ಲಿ ನೀವು ಕಾಣಲಿಲ್ಲ, ಹಾಗೆಯೇ."

 ಕೇಶವ ಸರ್ ಶಾಲು ಮುಟ್ಟಲು ಹೋಗಿ ಕೈ ಹಿಂದೆ ತೆಗೆದುಕೊಂಡರು.

"ಸ್ವಲ್ಪ ಹೊರಗೆ ಕೂತಿರಿ," ಎಂದರು ಡೀನ್. ವನಿತಾ ಹೋದರು. ಬಾಗಿಲಾಚೆ ಅವರ ಫೋನ್ ರಿಂಗಾದದ್ದು, ಅವರು ಎತ್ತದೆ ಬಿಟ್ಟದ್ದು ನಮಗೆಲ್ಲ ಕೇಳಿಸಿತು. ಶಾಲೆಯಿಂದ ಇರಬೇಕು.

ಈಗ ನನ್ನ ಸರದಿ. ಕೆಲಸ ಹೋಯಿತೆಂದೇ ಎದ್ದು ನಿಂತೆ.

"ತಾಲೀಮಿನಲ್ಲಿ ನಮ್ಮ ಮೂವರನ್ನೂ ಮಾಡಿದಿರಾ?" ಎಂದರು ಡೀನ್.

"ಹೌದು ಸರ್."

"ನೀವಾಗಿ ಅವರನ್ನು ಏನು ಕೇಳಿದಿರಿ?"

ಪ್ರಶ್ನೆ ಅರ್ಥವಾಗಲಿಲ್ಲ. ನಾನಾಗಿ ಅಂದರೆ? ಜೆಸಿಂತಾ ಮೇಡಂ ಧಾಟಿಯಲ್ಲಿ ಮರುಪ್ರಶ್ನೆ ಹಾಕುವ ಎಂದು ನಾಲಿಗೆಯ ತುದಿಗೆ ಬಂತು. ಮೇಡಂ ಎದುರಿಗೇ ಇದ್ದರು. ನುಂಗಿಕೊಂಡೆ. ನಿಜಕ್ಕೂ ನೆನಪು ಮಾಡಿಕೊಂಡೆ. ಅಷ್ಟು ದಿನ ಎದುರು ಬದುರು ಕೂತು, ಅಷ್ಟು ಪ್ರಶ್ನೆ ಕೇಳಿ, ನನ್ನದೆಂಬ ಒಂದೇ ಒಂದು ಪ್ರಶ್ನೆಯನ್ನು ನಾನು ವನಿತಾಗೆ ಕೇಳಿರಲಿಲ್ಲ.

"ಏನೂ ಕೇಳಲಿಲ್ಲ ಸರ್," ಎಂದೆ.

"ಒಳಗೆ ಕರೆಯಿರಿ. ಈಗ ಕೇಳಿ. ನಾವು ಕೂತಿರುತ್ತೇವೆ."

ವನಿತಾ ಬಂದು ಕೂತರು. ನಾನು ಅವರ ಎದುರಿನ ಕುರ್ಚಿಗೆ ಬಂದೆ. ಗಂಟಲು ಸರಿಮಾಡಿಕೊಂಡೆ. ಯಾರ ಗಂಟಲು ಎಂದು ತಿಳಿಯಲಿಲ್ಲ. ಕೈಗಳನ್ನು ಎಲ್ಲಿಡುವುದೆಂದೂ ತಿಳಿಯಲಿಲ್ಲ. ಶಾಲು ಕೇಶವ ಸರ್‌ದು, ಗಲ್ಲ ಮೇಡಂದು, ಕಿವಿಯ ಸುದ್ದಿ ಬೇಡವೇ ಬೇಡ. ಕೊನೆಗೆ ಎರಡೂ ಕೈಗಳ ಮೇಲೆ ಕೂತುಬಿಟ್ಟೆ.

"ವನಿತಾ," ಎಂದೆ. ಸಣ್ಣ ಸ್ವರ ಬಂತು. "ನಿಮಗೆ ಇದು ಯಾಕೆ ಬೇಕು? ಅರ್ಜಿಯಲ್ಲಿ ಬರೆದದ್ದಲ್ಲ. ಯಾವತ್ತು ಶುರುವಾಯ್ತು ಇದು?"

ವನಿತಾ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ನಾನು ಯಾರನ್ನು ಅನುಕರಿಸುತ್ತಿದ್ದೇನೆ ಎಂದು ಹುಡುಕುತ್ತಿದ್ದರೆಂದು ಕಾಣುತ್ತದೆ.

"ನಮ್ಮಲ್ಲಿಗೆ ಒಬ್ಬಳು ಹುಡುಗಿ ಬಂದಿದ್ದಳು," ಎಂದರು. "ಚಾರ್ಮಾಡಿ ಕಡೆಯವಳು. ಬಂದ ದಿನದಿಂದ ನನ್ನ ಹತ್ತಿರ ಬರುವುದು, ಎರಡು ಬೆರಳಲ್ಲಿ ಮೂಗಿನ ಬದಿ ಮುಟ್ಟುವುದು. ಶೀತ ಆಗಿದೆ ಅಂತ ನಾನು ಕರ್ಚೀಫು ಕೊಡ್ತಿದ್ದೆ. ತೆಗೆದುಕೊಳ್ಳುತ್ತಿದ್ದಳು. ಮರುದಿನ ಮತ್ತೆ ಮೂಗು. ಮತ್ತೆ ಕರ್ಚೀಫು. ಡಾಕ್ಟರಿಗೂ ತೋರಿಸಿದೆವು. ಮೂಗಿಗೆ ಎಂತ ಆಗ್ಲಿಲ್ಲ ಅಂದರು."

"ಆಮೇಲೆ?"

"ಮೊದಲ ರಜೆಗೆ ಅಮ್ಮ ಕರೆದುಕೊಂಡು ಹೋಗ್ಲಿಕ್ಕೆ ಬಂದರು. ಅವರ ಮೂಗಿನಲ್ಲಿ ಇಷ್ಟು ದೊಡ್ಡ ಮೂಗುತಿ." ವನಿತಾ ಎರಡು ಬೆರಳು ತಮ್ಮ ಮೂಗಿನ ಬದಿಗಿಟ್ಟರು. ಅಲ್ಲಿಂದ ತೆಗೆಯಲಿಲ್ಲ. "ಅಷ್ಟು ದಿನ ಅವಳು ಅಮ್ಮ ಎಲ್ಲಿ, ಅಮ್ಮ ಯಾವಾಗ ಬರ್ತಾರೆ ಅಂತ ಕೇಳಿದ್ದು ಸರ್. ನಾನು ಕರ್ಚೀಫು ಕೊಟ್ಟದ್ದು. ಇನ್ನು ಬರುವ ಮಕ್ಕಳಿಗೆ ಹಾಗೆ ಆಗ್ಬಾರದು. ಅಷ್ಟೇ."

ಕಿಟಕಿಯ ಹೊರಗೆ ಯಾರೋ ಬೈಕ್ ನಿಲ್ಲಿಸಿದರು. ಜೆಸಿಂತಾ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಅವರನ್ನು ಮಾಡುವಾಗ ಇದನ್ನು ನಾನು ಯಾವತ್ತೂ ಮಾಡಿರಲಿಲ್ಲ.

"ಇದು ಭಾಷೆಯೇ," ಎಂದರು ಕೇಶವ ಸರ್. ಅಷ್ಟೇ ಹೇಳಿದರು, ಹಿಂದಿನ ಶತಮಾನಗಳಿಗೆ ಹೋಗಲಿಲ್ಲ.

ಡೀನ್ ಕಾಗದ ಎಳೆದುಕೊಂಡು ಏನೋ ಬರೆದರು. ನಾನಿದ್ದ ಕಡೆಯಿಂದ ಕಾಣಿಸಲಿಲ್ಲ. ಪೆನ್ನು ಮುಚ್ಚಿದರು, ಎದ್ದರು.

"ಸರಿ. ಊಟಕ್ಕೆ ಹೋಗುವ."

ಮೂವರೂ ಹೊರಟುಹೋದರು. ವನಿತಾ, ನಾನು, ಮೇಜಿನ ಆಚೆ ಬದಿಯಲ್ಲಿ ಒಂದು ಕಾಗದ.

"ಸರ್, ಅಂದ್ರೆ ಆಯ್ತಾ?" ಎಂದರು ವನಿತಾ ಪಿಸುಮಾತಿನಲ್ಲಿ.

"ಗೊತ್ತಿಲ್ಲ ಮಾರಾಯ್ರೆ."

"ನೀವು ಇಲ್ಲಿಯವರಲ್ವಾ? ಊಟಕ್ಕೆ ಹೋಗುವ ಅಂದ್ರೆ ಹೌದು ಅಂತಲಾ, ಅಲ್ಲ ಅಂತಲಾ?"

"ಇಷ್ಟು ವರ್ಷದಲ್ಲಿ ಅವರು ನನ್ನ ಎದುರು ಊಟದ ಸುದ್ದಿ ಎತ್ತಿದ್ದು ಇದೇ ಮೊದಲು."

ನೀವು ನೋಡಿ ಎಂದು ಅವರು, ನೀವೇ ನೋಡಿ ಎಂದು ನಾನು. ಸ್ವಲ್ಪ ಹೊತ್ತು ಇದೇ ಆಯಿತು. ಕೊನೆಗೆ ಇಬ್ಬರೂ ಒಟ್ಟಿಗೆ ಮೇಜು ಸುತ್ತಿ ಹೋಗಿ ಬಗ್ಗಿದೆವು. ಒಪ್ಪಿದೆ ಎಂದಿತ್ತು, ಕೆಳಗೆ ಸಹಿ. ಇನ್ನೂ ಕೆಳಗೆ ಒಂದು ಸಾಲು: ಪ್ರತಿ ಸನ್ನೆಯನ್ನೂ ಆಯಾ ಮನೆಯಲ್ಲಿ ಸ್ವತಃ ನೋಡಿಯೇ ಬರೆದುಕೊಳ್ಳತಕ್ಕದ್ದು.

ನಿಮ್ಮ ಕೆಲಸ ಎಂತ ಎಂದು ಕೇಳಿದಿರಲ್ಲ, ಹೊಸಬರೇ. ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. ಅವತ್ತು ಮಧ್ಯಾಹ್ನ ಮಾತ್ರ ಗೊತ್ತಾದ ಹಾಗೆ ಇತ್ತು.

ವನಿತಾ ಆಗಲೇ ಫೋನ್ ಕಿವಿಗಿಟ್ಟು ಕಾರಿಡಾರಿಗೆ ನಡೆದಿದ್ದರು. ಆ ಕಡೆ ಮುಖ್ಯೋಪಾಧ್ಯಾಯಿನಿ ಏನೋ ಕೇಳಿದಂತಾಯಿತು. ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈ ಗಾಳಿಯಲ್ಲಿ. ಬಾಯಿ ಹೇಳುವ ಮೊದಲೇ ಆ ಕೈ ಹೇಳಿ ಮುಗಿಸಿತ್ತು.

"ಟೀಚರ್, ಎರಡು ವರ್ಷ ನಾನು ಬರುವುದಿಲ್ಲ," ಎಂದರು ವನಿತಾ. "ಆಮೇಲೆ ಬರ್ತೇನೆ."